ಎಂಟರ್ ಬಟನ್ ಹೆಡ್‌ಮಾಸ್ತರರದು

ಕಂಪ್ಯೂಟರ್ ಎಲ್ಲಿರುತ್ತದೋ ಅಲ್ಲಿ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇರುತ್ತದೆ. ಈಗಲೂ ಬ್ಯಾಂಕಿನಲ್ಲಿ ಮಷೀನು ಕೈಕೊಟ್ಟು, ಸಾಲಿನಲ್ಲಿ ನಿಂತವರೆಲ್ಲ ಗೊಣಗತೊಡಗಿದಾಗ ನಾನೊಬ್ಬಳೇ ಸೆರಗು ಬಾಯಿಗೆ ಹಿಡಿದು ನಗುತ್ತಿರುತ್ತೇನೆ. ಪಕ್ಕದವರು ಒಂಥರಾ ನೋಡುತ್ತಾರೆ. ನೋಡಲಿ ಬಿಡಿ. ಎಂಬತ್ತರ ದಶಕದ ಕೊನೆಯಲ್ಲಿ, ಆಳಂದದ ಹೈಸ್ಕೂಲಿನಲ್ಲಿ, ಕಂಪ್ಯೂಟರನ್ನು ಒಂದು ವಿಷಯವೆಂದು ಕಲಿತವರು ಅವರಲ್ಲವಲ್ಲ.

ಆಗ ನಮ್ಮ ಶಾಲೆಯಲ್ಲಿ ಹುಡುಗರಿಗೆ ತೋಟಗಾರಿಕೆ, ಹುಡುಗಿಯರಿಗೆ ಹೊಲಿಗೆ. ಎಂಟನೇ ತರಗತಿ ಪೂರ್ತಿ ನಾನು ಅಂಗಿಯ ಕಾಜಾ ಹೊಲಿದೆ. ನನ್ನ ಕಾಜಾ ನೋಡಿ ಹೊಲಿಗೆ ಟೀಚರ್, "ಇದರಾಗ ಗುಂಡಿ ಅಲ್ಲ ಬೇ, ಲಿಂಬಿಹಣ್ಣು ಪಾರಾಗತದ" ಅಂದಿದ್ದರು. ಒಂಬತ್ತನೇ ತರಗತಿಗೆ ಬಂದ ವರ್ಷ ಶಾಲೆಗೆ ಒಂದು ಕಂಪ್ಯೂಟರ್ ಬಂತು. ಬೇಕಾದವರು ಹೊಲಿಗೆ, ತೋಟ ಬಿಟ್ಟು ಅದನ್ನು ತೆಗೆದುಕೊಳ್ಳಬಹುದು ಅಂದರು. ಅವರು ಹೇಳಿ ಮುಗಿಸುವ ಮುಂಚೆಯೇ ನನ್ನ ಕೈ ಮೇಲಿತ್ತು.

ಆದರೆ ಒಂದು ಕರಾರು ಇತ್ತು. ಮಷೀನು ಸದ್ಯಕ್ಕೆ ನಮ್ಮದು. ವರ್ಷದ ಕೊನೆಗೆ ಕಲಬುರ್ಗಿಯಿಂದ ಶಿಕ್ಷಣ ಇಲಾಖೆಯ ಸಾಹೇಬರು ಬಂದು ನೋಡುತ್ತಾರೆ. ಮಕ್ಕಳು ಏನೂ ಕಲಿತಿಲ್ಲ ಅನ್ನಿಸಿದರೆ ಅದನ್ನು ಎತ್ತಿ ಬೇರೆ ತಾಲ್ಲೂಕಿಗೆ ಕೊಡುತ್ತಾರೆ. ಅಫಜಲಪುರದವರು ಆಗಲೇ ಒಂದು ಕೋಣೆಗೆ ಸುಣ್ಣ ಹೊಡೆಸಿ ಕಾಯುತ್ತಿದ್ದಾರೆ, ಜೇವರ್ಗಿಯವರು ಟೇಬಲ್ ಮಾಡಿಸಿದ್ದಾರೆ ಎಂದೆಲ್ಲ ಸುದ್ದಿ. ನಮ್ಮ ಕ್ಲಾಸಿನ ಹುಡುಗರಿಗೆ ಅದು ಊರಿನ ಮರ್ಯಾದೆಯ ಪ್ರಶ್ನೆ. ನನಗೆ ಮಾತ್ರ ಅಷ್ಟೇ ಅಲ್ಲ. ಮಷೀನು ಜೇವರ್ಗಿ ಬಸ್ ಹತ್ತಿತೋ, ನಾನು ವಾಪಸ್ ಕಾಜಾಕ್ಕೆ.

ಗಿಡದ ಪದ್ಧತಿ

ಕಂಪ್ಯೂಟರ್ ಒಂದು, ನಾವು ನಲವತ್ತು ಮಂದಿ. ಎಲ್ಲರೂ ಎಲ್ಲ ಬಟನ್ ಒತ್ತಿದರೆ ಮಷೀನಿನ ಗತಿ ಏನು ಎಂದು ಹೆಡ್‌ಮಾಸ್ತರರಿಗೆ ನಿದ್ದೆ ಹತ್ತಲಿಲ್ಲವಂತೆ. ಕಡೆಗೆ ಅವರೇ ದಾರಿ ಹುಡುಕಿದರು. ನಮ್ಮ ಶಾಲೆಯ ಅಂಗಳದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗಿಡ ವಹಿಸಿಕೊಟ್ಟಿದ್ದರು. ನೀರು ಹಾಕುವವರು ಅವರೇ, ಒಣಗಿದರೆ ಏಟು ತಿನ್ನುವವರೂ ಅವರೇ. ಆ ಪದ್ಧತಿಯಿಂದ ಬೇವಿನ ಗಿಡಗಳು ಚೆನ್ನಾಗಿ ಬೆಳೆದಿದ್ದವು. "ಬಟನ್ನಿಗೂ ಹಂಗೇ ಮಾಡೂಣು" ಅಂದರು ಹೆಡ್‌ಮಾಸ್ತರರು. "ಒಬ್ಬರಿಗೊಂದು ಬಟನ್. ತಮ್ಮದು ತಾವು ಒತ್ತಬೇಕು, ತಾವೇ ಒರೆಸಬೇಕು. ಮಂದಿ ಬಟನ್ ಮುಟ್ಟಿದ್ರ ಕೈ ಮುರೀತೇನಿ."

ನಮಗೆ ಕಂಪ್ಯೂಟರ್ ಕಲಿಸುತ್ತಿದ್ದವರು ಗಣಿತದ ಸರ್. ಅವರು ಬೆಂಗಳೂರಿಗೆ ಹೋಗಿ ತರಬೇತಿ ಪಡೆದು ಬಂದಿದ್ದರು. "ಹಂಗ ಎಲ್ಲೂ ಮಾಡಂಗಿಲ್ರಿ ಸರ್" ಎಂದು ಮೆಲ್ಲಗೆ ಹೇಳಿ ನೋಡಿದರು. "ಎಲ್ಲೂ ಮಾಡಲಿಲ್ಲಂದ್ರ ನಾವೇ ಮೊದಲಾದಂಗಾತಲ್ಲ!" ಎಂದು ಹೆಡ್‌ಮಾಸ್ತರರು ಇನ್ನಷ್ಟು ಉಬ್ಬಿದರು.

ಬಟನ್ ಹಂಚುವ ದಿನ ಕ್ಲಾಸಿನಲ್ಲಿ ನಿಂತ ಕಾಲಲ್ಲಿ ನಿಲ್ಲಲಾಗದಷ್ಟು ಸಡಗರ. ಎ ಸಿಕ್ಕವಳು ಕುಣಿದಳು. ಇ ಸಿಕ್ಕವನು ಮನೆಗೆ ಹೋಗಿ ಪೇಢಾ ಹಂಚಿದ. ನನ್ನ ಸರದಿ ಬರುವಷ್ಟರಲ್ಲಿ ಅಕ್ಷರಗಳೂ ಮುಗಿದಿದ್ದವು, ಅಂಕಿಗಳೂ ಮುಗಿದಿದ್ದವು. ನನಗೆ ಸಿಕ್ಕಿದ್ದು ಕೆಳಗಿನ ಉದ್ದನೆಯ ಬಟನ್, ಅಂದರೆ ಸ್ಪೇಸ್. ಎಲ್ಲಕ್ಕಿಂತ ಉದ್ದ ನನ್ನದೇ ಎಂದು ಎದೆಯುಬ್ಬಿಸಿ ಮನೆಗೆ ಓಡಿದೆ.

ಮನೆಯಲ್ಲಿ ನಮ್ಮ ಅಪ್ಪನ ತಾಯಿ, ನಾವು ಆಯಿ ಅನ್ನುತ್ತಿದ್ದವಳು, ಜೋಳ ಹಸನು ಮಾಡುತ್ತಾ ಕೂತಿದ್ದಳು.

"ಆಯಿ, ನಂಗ ಎಲ್ಲಾರಕಿಂತ ದೊಡ್ಡ ಬಟನ್ ಕೊಟ್ಟಾರ!"

"ಹೌದೇನ ಬೇ? ಎ ಹುಡುಗಿ ಒತ್ತಿದ್ರ ಏನ್ ಬರತದ?"

"ಎ ಬರತದ."

"ನೀ ಒತ್ತಿದ್ರ?"

"ಏನೂ ಬರಂಗಿಲ್ಲ. ಖಾಲಿ ಜಾಗಾ ಬರತದ."

ಆಯಿ ಮೊರ ಕೆಳಗಿಟ್ಟಳು. ಅಡಿಗೆಮನೆಯ ಕಡೆ ತಿರುಗಿ ಅವ್ವನನ್ನು ಕೂಗಿದಳು. "ಕೇಳಿದೇನ ಬೇ? ಊರ ಮಂದಿ ಮಕ್ಕಳು ಏನೇನೋ ಕಲಿತಾವ. ನಿನ್ನ ಮಗಳು ಏನೂ ಬರಲಾರದ್ದನ್ನ ಕಲಿಯಾಕ ದಿನಾ ಸಾಲಿಗಿ ಹೋಗ್ತಾಳಂತ!"

ನಾ ಬರೇ ಸಹಿ ಮಾಡೀನಿ

ಹೀಗೆ ಎಲ್ಲರಿಗೂ ಬಟನ್ ಹಂಚಿದ ಮೇಲೆ ಒಂದು ಉಳಿಯಿತು. ಎಂಟರ್.

ಗಣಿತದ ಸರ್ ಅದರ ಕೆಲಸ ವಿವರಿಸಿದರು. ನಾವು ಎಷ್ಟೇ ಟೈಪ್ ಮಾಡಿದರೂ ಎಂಟರ್ ಒತ್ತುವ ತನಕ ಕಂಪ್ಯೂಟರ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒತ್ತಿದರಷ್ಟೇ ಕೆಲಸ ಮುಂದಕ್ಕೆ. ಇದನ್ನು ಕೇಳಿದ ಹೆಡ್‌ಮಾಸ್ತರರು ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಅಂದ್ರ ಕೊನೀ ಸಹಿ ಇದ್ದಂಗ?" ಅಂದರು. ಹೌದು ಅನ್ನದೆ ಸರ್‌ಗೆ ಬೇರೆ ದಾರಿ ಇರಲಿಲ್ಲ. "ಸಹಿ ಹುಡುಗರ ಕೈಯಾಗ ಕೊಡಾಕ ಬರತದೇನ್ರಿ? ಅದು ನನ್ನ ಹತ್ರ ಇರಲಿ."

ಅಲ್ಲಿಂದ ಶುರುವಾಯಿತು. ನಾವು ಸಾಲಾಗಿ ಬಂದು ಒಬ್ಬೊಬ್ಬರೂ ನಮ್ಮ ನಮ್ಮ ಅಕ್ಷರ ಒತ್ತಿ ಒಂದು ಸಾಲು ಮುಗಿಸುವುದು. ಆಮೇಲೆ ಯಾರಾದರೂ ಓಡಿ ಹೋಗಿ ಹೆಡ್‌ಮಾಸ್ತರರನ್ನು ಕರೆಯುವುದು. ಅವರು ಕೈಲಿದ್ದ ಕೆಲಸ ಬಿಟ್ಟು, ಚಪ್ಪಲಿ ಹೊರಗೆ ಕಳಚಿ, ಒಳಗೆ ಬಂದು, ಕನ್ನಡಕ ಹಾಕಿಕೊಂಡು, ಆ ಸಾಲನ್ನು ಮೇಲಿಂದ ಕೆಳಗೆ ನೋಡಿ, ಬಲಗೈಯ ಹೆಬ್ಬೆರಳಿನಿಂದ ಎಂಟರ್ ಒತ್ತಿ ಹೋಗುವುದು. ಮತ್ತೆ ಮುಂದಿನ ಸಾಲು. ಪಾಪ, ಅವರಿಗೆ ಇಂಗ್ಲಿಷ್ ಸಹಿತ ಅಷ್ಟಕ್ಕಷ್ಟೆ. ಆದರೂ ಓದದೆ ಒತ್ತಿದವರಲ್ಲ.

ಅವರು ಪ್ರತಿ ಹುಣ್ಣಿಮೆಗೆ ಗಾಣಗಾಪುರಕ್ಕೆ ಹೋಗುವವರು. ಆವತ್ತು ಕಂಪ್ಯೂಟರಿಗೂ ರಜೆ. ಗಣಿತದ ಸರ್ ಹೋಗಿ ಬೇಡಿಕೊಂಡ ಮೇಲೆ ಹುಣ್ಣಿಮೆಯ ಚಾರ್ಜನ್ನು ಡ್ರಿಲ್ ಮಾಸ್ತರರಿಗೆ ಕೊಟ್ಟರು. ಡ್ರಿಲ್ ಮಾಸ್ತರರು ದೂರದಿಂದ ಕವಾಯತಿನಲ್ಲಿ ಬಂದು, ಮಷೀನಿನ ಮುಂದೆ ಹಿಮ್ಮಡಿ ಬಡಿದು ನಿಂತು, ಎಂಟರ್ ಒತ್ತಿ, ಸೆಲ್ಯೂಟ್ ಹೊಡೆದು ಹೋಗುತ್ತಿದ್ದರು.

ಒಂದು ದಿನ ಹೆಡ್‌ಮಾಸ್ತರರು ಎಂಟರ್ ಒತ್ತಿದ ಕೂಡಲೇ ಪರದೆಯ ಮೇಲೆ 'ಮಿಸ್ಟೇಕ್' ಎಂದು ಬಂತು. ಆ ಮಷೀನು ಹಾಗೆಯೇ. ಬರೆದದ್ದರಲ್ಲಿ ಎಲ್ಲಿಯಾದರೂ ಕೊರತೆ ಇದ್ದರೆ ಮುಲಾಜಿಲ್ಲದೆ ತಪ್ಪು ಅಂದುಬಿಡುತ್ತಿತ್ತು. ಹೆಡ್‌ಮಾಸ್ತರರ ಮುಖ ಕಪ್ಪಿಟ್ಟಿತು. ಮೂವತ್ತು ವರ್ಷದ ನೌಕರಿಯಲ್ಲಿ ಯಾರೂ ಅವರಿಗೆ ಮುಖದ ಮೇಲೆ ಹಾಗೆ ಅಂದಿರಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ಮಷೀನಿಗೇ ಹೇಳಿದರು.

"ನೋಡ್ರಿ, ಬರದವರು ಇವರು. ನಾ ಬರೇ ಸಹಿ ಮಾಡೀನಿ."

ಸರಸಂಬಾದ ಗೌಡರ ಬಟನ್

ಕ್ಯೂ ಎಂಬ ಅಕ್ಷರ ಬಂದದ್ದು ಸರಸಂಬಾದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಹುಡುಗನಿಗೆ. ಅವನು ದೊಡ್ಡ ಹೊಲದ ಗೌಡರ ಮಗ. ಪಾಪ, ಅವನ ಅಕ್ಷರ ಯಾವ ಪ್ರೋಗ್ರಾಮಿನಲ್ಲೂ ಬೇಕಾಗುತ್ತಿರಲಿಲ್ಲ. ನಾವೆಲ್ಲ ಸಾಲಿನಲ್ಲಿ ನಿಂತು ಓಡಾಡುತ್ತಿದ್ದರೆ ಅವನು ಬೆಂಚಿನ ಮೇಲೆ ತೊಳೆದ ಬೆರಳು ಹಿಡಿದುಕೊಂಡು ಕೂತಿರುತ್ತಿದ್ದ. ದಿನಾ ತನ್ನ ಬಟನ್ ಒರೆಸುವುದೊಂದೇ ಅವನ ಅಭ್ಯಾಸ. ಇಡೀ ಮಷೀನಿನಲ್ಲಿ ಕನ್ನಡಿಯಂತೆ ಹೊಳೆಯುತ್ತಿದ್ದುದು ಕ್ಯೂ ಒಂದೇ.

ಒಂದು ದಿನ ಅವನಪ್ಪನೇ ಬಂದರು. ಬಿಳಿ ಧೋತರ, ತಲೆಗೆ ರುಮಾಲು. ಹೆಡ್‌ಮಾಸ್ತರರ ಎದುರು ಕೂತು, ಕೊಟ್ಟ ಚಹಾ ಮುಟ್ಟದೆ ಕೇಳಿದರು.

"ಮಾಸ್ತರ್ರ, ನಮ್ಮ ಹುಡುಗಂದು ಏನ್ ತಪ್ಪಾಗೇದ?"

"ಏನೂ ಇಲ್ರಿ ಗೌಡ್ರ."

"ಮತ್ತ ಅವನ ಸರದಿ ಯಾಕ ಬರವಲ್ದು? ಊರಾಗ ಮಂದಿ ಕೇಳಾಕತ್ತಾರ, ಗೌಡ್ರ ಮಗ ಕಂಪೂಟರ್ ಸಾಲಿಗಿ ಹೋಗಿ ಏನ್ ಮಾಡತಾನ ಅಂತ. ಕುಂಡರತಾನ ಅಂತ ಹೇಳಬೇಕೇನ್ರಿ? ಅವನಿಗಿ ಎ ಕೊಡ್ರಿ. ಇಲ್ಲಂದ್ರ ಇ ಕೊಡ್ರಿ."

ಹೆಡ್‌ಮಾಸ್ತರರು ಬೆವರಿದರು. ಎ ಹುಡುಗಿಯನ್ನು ಕರೆಸಿ ಮೆತ್ತಗೆ ಕೇಳಿ ನೋಡಿದರು. ಅವಳು ಕಿಣ್ಣಿ ಸುಲ್ತಾನ ಎಂಬ ಹಳ್ಳಿಯವಳು, ಗಟ್ಟಿಗಿತ್ತಿ. "ನನ್ನ ಗಿಡ ನಾ ಕೊಟ್ಟೀನೇನ್ರಿ ಸರ್? ಹಂಗ ಇದನ್ನೂ ಕೊಡಂಗಿಲ್ಲ" ಎಂದು ತಿರುಗಿ ನೋಡದೆ ಹೋದಳು.

ಕೊನೆಗೆ ದಾರಿ ಮಾಡಿದವರು ಗಣಿತದ ಸರ್. ಕಂಪ್ಯೂಟರಿಗೆ ವರ್ಗಮೂಲ ತೆಗೆ ಎಂದು ಹೇಳಲು ಒಂದು ಶಬ್ದ ಇತ್ತು. ಅದರ ನಡುವಿನಲ್ಲಿ ಕ್ಯೂ ಬರುತ್ತಿತ್ತು. ಆವತ್ತಿನಿಂದ ನಮ್ಮ ಶಾಲೆಯ ಪ್ರತಿಯೊಂದು ಪ್ರೋಗ್ರಾಮಿನಲ್ಲೂ ಒಂದು ವರ್ಗಮೂಲ ಕಡ್ಡಾಯವಾಯಿತು. ಮಗ್ಗಿ ಬರೆದರೂ ಕೊನೆಗೊಂದು ವರ್ಗಮೂಲ. ವಾರಗಳ ಹೆಸರು ಬರೆದರೂ ಭಾನುವಾರದ ಕೆಳಗೆ ಹದಿನಾರರ ವರ್ಗಮೂಲ ನಾಲ್ಕು. ಹುಡುಗ ಎದ್ದು ಬಂದು, ಒಂದು ಸಲ ಒತ್ತಿ, ತೃಪ್ತಿಯಿಂದ ಹೋಗಿ ಕೂರುತ್ತಿದ್ದ.

ಮುಂದೆ ಗೌಡರು ಊರಲ್ಲಿ ಹೇಳಿಕೊಂಡು ತಿರುಗಿದ್ದು ಹೀಗೆ. "ಉಳದವರು ದಿನಕ್ಕ ಹತ್ತ ಸಲ ಒತ್ತತಾರ. ನಮ್ಮಂವ ಒಂದೇ ಸಲ ಒತ್ತತಾನ. ಆದ್ರ ಅವ ಒತ್ತಲಾರದ ಪ್ರೋಗ್ರಾಮ್ ಮುಗಿಯಂಗಿಲ್ಲ!"

ಹೊಸ ಪ್ರಾರ್ಥನೆ

ಆ ಕಾಲದ ನಮ್ಮ ಕಂಪ್ಯೂಟರಿಗೆ ನೆನಪು ಅಂಬುದು ಇರಲಿಲ್ಲ. ಬಂದ್ ಮಾಡಿದರೆ ಎಲ್ಲ ಮರೆತುಬಿಡುತ್ತಿತ್ತು. ಬರೆದದ್ದು ಉಳಿಯಬೇಕೆಂದರೆ ಹಾಡು ಕೇಳುವ ಟೇಪ್‌ರೆಕಾರ್ಡರನ್ನು ಅದಕ್ಕೆ ಜೋಡಿಸಿ ಕ್ಯಾಸೆಟ್ಟಿಗೆ ತುಂಬಬೇಕಿತ್ತು. ಶಾಲೆಯಲ್ಲಿದ್ದುದು ಒಂದೇ ಟೇಪ್‌ರೆಕಾರ್ಡರ್. ಬೆಳಿಗ್ಗೆ ಮೈಕಿನ ಮುಂದೆ ಪ್ರಾರ್ಥನೆ ಹಾಡುತ್ತಿದ್ದುದೂ ಅದೇ, ಮಧ್ಯಾಹ್ನ ಕಂಪ್ಯೂಟರಿಗೆ ದುಡಿಯುತ್ತಿದ್ದುದೂ ಅದೇ.

ಒಂದು ಬೆಳಿಗ್ಗೆ ಇಡೀ ಶಾಲೆ ಅಂಗಳದಲ್ಲಿ ಕೈಮುಗಿದು, ಕಣ್ಣು ಮುಚ್ಚಿ ನಿಂತಿತ್ತು. ಡ್ರಿಲ್ ಮಾಸ್ತರರು ಟೇಪ್ ಒತ್ತಿದರು. ಮೈಕಿನಿಂದ ಕೀಂಯ್ಯ್ ಎಂದು ಶುರುವಾದದ್ದು ಕರಕರ, ಚರಚರ, ಮತ್ತೆ ಕೀಂಯ್ಯ್ ಎಂದು ಕಿವಿ ಹರಿಯತೊಡಗಿತು. ಹಿಂದಿನ ದಿನ ನಾವು ತುಂಬಿದ್ದ ಹದಿಮೂರರ ಮಗ್ಗಿ ಆಳಂದದ ಬಸ್‌ಸ್ಟ್ಯಾಂಡಿನ ತನಕ ಕೇಳಿಸಿತು. ಬೇವಿನ ಗಿಡದ ಮೇಲಿನ ಕಾಗೆಗಳೆಲ್ಲ ಎದ್ದವು. ಆದರೆ ಪ್ರಾರ್ಥನೆ ನಡೆಯುವಾಗ ಅಲುಗಾಡಿದರೆ ಡ್ರಿಲ್ ಮಾಸ್ತರರ ಬೆತ್ತ ಮಾತಾಡುತ್ತಿತ್ತು. ಹಾಗಾಗಿ ನಮ್ಮಲ್ಲಿ ಒಬ್ಬರೂ ಕಣ್ಣು ತೆರೆಯಲಿಲ್ಲ, ಒಬ್ಬರೂ ಕೈ ಇಳಿಸಲಿಲ್ಲ. ಮಾಸ್ತರರೆಲ್ಲ ಹೆಡ್‌ಮಾಸ್ತರರ ಕಡೆ ಓರೆಗಣ್ಣಲ್ಲಿ ನೋಡಿದರಂತೆ. ಹೆಡ್‌ಮಾಸ್ತರರು ಕೈಮುಗಿದೇ ನಿಂತಿದ್ದರಂತೆ. ಮಗ್ಗಿ ಮುಗಿಯಿತು. ವರ್ಗಮೂಲವೂ ಮುಗಿಯಿತು. ಆಮೇಲೆ ರೂಢಿಯಂತೆ ಜಯಕಾರ ಹಾಕಿದೆವು.

ಡ್ರಿಲ್ ಮಾಸ್ತರರು ಗಣಿತದ ಸರ್ ಹತ್ತಿರ ಬಂದು ಗಂಭೀರವಾಗಿ ಹೇಳಿದರು. "ಹೊಸಾ ಪ್ರಾರ್ಥನಾ ಛಲೋ ಅದರಿ. ಜರಾ ಮ್ಯಾಲಿನ ಸ್ವರದಾಗ ಹಾಡ್ಯಾರ, ಹುಡುಗರಿಗಿ ಹಚ್ಚಿಕೊಂಡು ಹಾಡಾಕ ಬರಂಗಿಲ್ಲ."

ಮೂರು ಗೆರೆ

ದಸರೆಯ ಖಂಡೇಪೂಜೆಗೆ ನಮ್ಮ ಕಡೆ ನೇಗಿಲು, ತಕ್ಕಡಿ, ಹೊಲಿಗೆ ಮಷೀನು ಎಲ್ಲಕ್ಕೂ ಪೂಜೆ. ಕಂಪ್ಯೂಟರನ್ನು ಬಿಡುವುದುಂಟೇ? ರಜೆಗೆ ಗಣಿತದ ಸರ್ ತಮ್ಮೂರಿಗೆ ಹೋಗಿದ್ದರು. ಹೆಡ್‌ಮಾಸ್ತರರೇ ಮುಂದೆ ನಿಂತು ಪೂಜೆ ಮಾಡಿಸಿದರು. ಹೂವು, ಊದಿನಕಡ್ಡಿ, ಹೊರಗೆ ಹೊಸ್ತಿಲ ಹತ್ತಿರ ತೆಂಗಿನಕಾಯಿ. ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ತೆಗೆದು ಪರದೆಗೆ ಅಡ್ಡಲಾಗಿ ಎಳೆದರು. ಹಸಿ ಇದ್ದಾಗ ವಿಭೂತಿ ಕಾಣುವುದು ಅಷ್ಟಕ್ಕಷ್ಟೆ. ಒಣಗಿದ ಮೇಲೆ ಅದರ ಬಿಳುಪು ಬೇರೆ. ನಾವು ಕಂಪ್ಯೂಟರಿಗೆ ಬಟ್ಟೆ ಹೊದಿಸಿ, ಬೀಗ ಹಾಕಿ ಬಂದೆವು.

ರಜೆ ಮುಗಿಸಿ ಬಂದ ಗಣಿತದ ಸರ್ ಬಟ್ಟೆ ಸರಿಸಿ ಮಷೀನು ಹಚ್ಚಿದರು. ಪರದೆಯ ನಡುವೆ ಅಚ್ಚ ಬಿಳಿಯ ಮೂರು ಗೆರೆ! ಬಂದ್ ಮಾಡಿದರು. ಗೆರೆ ಹೋಗಲಿಲ್ಲ. ಪ್ಲಗ್ ಕಿತ್ತರು. ಗೆರೆ ಅಲ್ಲೇ. ತರಬೇತಿಯಲ್ಲಿ ಕೊಟ್ಟ ಪುಸ್ತಕವನ್ನೆಲ್ಲ ತಿರುವಿದರು.

ನಮ್ಮನ್ನು ಸಾಲಾಗಿ ನಿಲ್ಲಿಸಿ, "ರಜೆದಾಗ ಯಾರ್ಯಾರು ಯಾವ ಬಟನ್ ಒತ್ತೀರಿ? ಖರೇ ಹೇಳ್ರಿ!" ಅಂದರು. ನಾವು ಯಾರೂ ಒತ್ತಿರಲಿಲ್ಲ. ಹಾಗಂತಲೇ ಹೇಳಿದೆವು. ಗೆರೆಯ ಬಗ್ಗೆ ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ದಿನಾ ಹಣೆಗೆ ಹಚ್ಚಿಕೊಳ್ಳುವ ವಿಭೂತಿ ಸರ್‌ಗೆ ಗುರುತು ಸಿಗಲಿಲ್ಲ ಎಂದು ನಮಗಾದರೂ ಹೇಗೆ ಗೊತ್ತಾಗಬೇಕು?

ಸರ್ ಅಂಚೆ ಕಚೇರಿಗೆ ಓಡಿ ಕಲಬುರ್ಗಿಗೆ ಫೋನು ಹಚ್ಚಿದರು. "ಮಷೀನ್ ಬಂದ್ ಮಾಡಿದ್ರೂ ಲೈನ್ ಹೋಗವಲ್ವು ರೀ!" ಆ ಕಡೆಯಿಂದ ರಿಪೇರಿಯವರು, "ಬಂದ್ ಮಾಡಿದ್ರೂ ಹೋಗವಲ್ವಾ? ಹಂಗಾರ ಪಿಕ್ಚರ್ ಟ್ಯೂಬೇ ಹೋಗ್ಯದ. ಮುಟ್ಟಬ್ಯಾಡ್ರಿ, ಸಿಡೀತದ" ಅಂದರು. ಆವತ್ತು ಸಂಜೆ ಹೊಲಿಗೆ ಟೀಚರ್ ಎದುರು ಬಂದರೂ ಅವರ ಮುಖ ನೋಡುವ ಧೈರ್ಯವಾಗಲಿಲ್ಲ.

ಮರುದಿನ ರಿಪೇರಿಯವರು ದೊಡ್ಡ ಪೆಟ್ಟಿಗೆ ಹೊತ್ತು ಬಸ್ಸಿಳಿದರು. ನಾವೆಲ್ಲ ಕಿಟಕಿಗೆ ಜೋತುಬಿದ್ದು ನೋಡುತ್ತಿದ್ದೆವು. ಅವರು ಪರದೆಯ ಮುಂದೆ ಬಗ್ಗಿದರು. ಮೂಗು ತಾಗಿಸುವಷ್ಟು ಹತ್ತಿರ ಹೋದರು. ಒಂದು ಬೆರಳಿಂದ ಗೆರೆಯನ್ನು ಮೆಲ್ಲಗೆ ಒರೆಸಿದರು. ಬೆರಳಿಗೆ ಹತ್ತಿದ್ದನ್ನು ನೋಡಿದರು. ಅದನ್ನು ಭಕ್ತಿಯಿಂದ ತಮ್ಮ ಹಣೆಗೆ ಹಚ್ಚಿಕೊಂಡು, ಪೆಟ್ಟಿಗೆ ಎತ್ತಿಕೊಂಡು, "ರಿಪೇರಿ ಆತ್ರಿ ಮಾಸ್ತರ್ರ" ಎಂದು ಅದೇ ಬಸ್ಸಿಗೆ ಹೊರಟರು.

ಗಿರಣಿಯ ಜೊತೆ ಒಪ್ಪಂದ

ಶಾಲೆಯ ಹಿಂದಿನ ಓಣಿ ನಮ್ಮದೇ. ಅಲ್ಲಿ ಒಂದು ಹಿಟ್ಟಿನ ಗಿರಣಿ. ಗಿರಣಿ ಶುರುವಾದರೆ ಓಣಿಯ ದೀಪಗಳೆಲ್ಲ ಸಣ್ಣಗಾಗುತ್ತಿದ್ದವು. ಕಂಪ್ಯೂಟರ್ ಅಂತೂ ಇನ್ನೂ ನಾಜೂಕು. ಗಿರಣಿ ಟುಕುಟುಕು ಅಂದ ಕೂಡಲೇ ಪರದೆಯ ಚಿತ್ರ ಕುಗ್ಗಿ, ಕುಗ್ಗಿ, ಒಂದು ಚುಕ್ಕಿಯಾಗಿ ಹೋಗಿಬಿಡುತ್ತಿತ್ತು. ಅಷ್ಟೊತ್ತು ಬರೆದದ್ದೆಲ್ಲ ಮಾಯ. ಕ್ಯೂ ಹುಡುಗ ಎದ್ದು ಬರುವ ಹೊತ್ತಿಗೇ ಗಿರಣಿ ಶುರುವಾದರೆ ಅವನು ಅಳುವುದೊಂದೇ ಬಾಕಿ.

ಹೆಡ್‌ಮಾಸ್ತರರು ಗಿರಣಿಯ ಕಾಕಾನ ಹತ್ತಿರ ಹೋದರು. ಮಧ್ಯಾಹ್ನ ಕ್ಲಾಸು ನಡೆಯುವ ಹೊತ್ತು ಗಿರಣಿ ನಿಲ್ಲಿಸಬೇಕೆಂದು ಕೇಳಿದರು. ಕಾಕಾ ಒಪ್ಪಿದ. ಆದರೆ ಬುಟ್ಟಿ ಹೊತ್ತು ನಿಂತ ಹೆಂಗಸರು ಒಪ್ಪಬೇಕಲ್ಲ? ಅವರ ಮುಂದಾಳು ನಮ್ಮ ಆಯಿ.

"ಮಾಸ್ತರ್ರ, ನಿಮ್ಮ ಮಷೀನ್ ಹಿಟ್ಟ ಬೀಸತದೇನ್ರಿ?"

"ಇಲ್ಲವ್ವಾ."

"ಈ ಮಷೀನ್ ಬೀಸತದ. ಮತ್ತ ಯಾವುದು ನಿಲ್ಲಬೇಕು?"

ಆಗ ನಾನು ಮುಂದೆ ಹೋಗಿ ಆಯಿಯ ಸೆರಗು ಹಿಡಿದೆ. ಮಷೀನು ಹೋದರೆ ನಾನು ಮತ್ತೆ ಕಾಜಾ ಹೊಲಿಯಬೇಕಾಗುತ್ತದೆ ಅಂದೆ. ನಿಜಕ್ಕೂ ಕಣ್ಣಲ್ಲಿ ನೀರು ಬಂದಿತ್ತು. ಎಂಟನೇ ತರಗತಿಯಲ್ಲಿ ನಾನು ಕಾಜಾ ಹೊಲಿದುಕೊಟ್ಟ ಕುಪ್ಪಸ ಆಯಿಗೆ ನೆನಪಾಗಿರಬೇಕು. ಬುಟ್ಟಿ ತಲೆಯ ಮೇಲಿಟ್ಟುಕೊಂಡು ಉಳಿದ ಹೆಂಗಸರಿಗೆ ಹೇಳಿದಳು.

"ನಡೀರಿ ಬೇ, ಮುಂಜಾನೆ ಬೀಸಿಕೊಳ್ಳೂಣು. ಇಕಿ ಹೊಲದಿದ್ದು ತೊಟ್ಟುಕೊಳ್ಳೂದಕಿಂತ ಅದು ಪಾಡು."

ಕೌದಿ ತಂದವರು

ಸಾಹೇಬರು ಬರುವ ದಿನ ಬಂದೇ ಬಿಟ್ಟಿತು. ಆವತ್ತು ಯಾವ ಹೊತ್ತಿಗೂ ಗಿರಣಿ ಹಚ್ಚಬಾರದು ಎಂದು ಹೆಡ್‌ಮಾಸ್ತರರು ಹಿಂದಿನ ದಿನದಿಂದಲೇ ಅಪ್ಪಣೆ ಮಾಡಿದ್ದರು. ಕಾಕಾ ಗಿರಣಿಯ ಚಕ್ರದ ಪಟ್ಟಾ ಬಿಚ್ಚಿಟ್ಟಿದ್ದ. ಓಣಿಯೆಲ್ಲ ಗಪ್‌ಚುಪ್. ಶಾಲೆಗೆ ಹತ್ತಿರವೆಂದು ಸಾಹೇಬರ ಊಟವನ್ನು ನಮ್ಮ ಮನೆಯಲ್ಲಿ ಗೊತ್ತುಮಾಡಿದ್ದರು.

ಜೀಪು ಬಂತು. ಸಾಹೇಬರು ಇಳಿದರು. ಅವರ ಹಿಂದೆಯೇ ಇನ್ನೊಬ್ಬರು ಇಳಿದರು. ಜೇವರ್ಗಿಯ ಹೆಡ್‌ಮಾಸ್ತರರು! ಅವರ ಬಗಲಲ್ಲಿ ದಪ್ಪನೆಯ ಒಂದು ಕೌದಿ. ಮಷೀನಿಗೆ ದಾರಿಯಲ್ಲಿ ಪೆಟ್ಟಾಗಬಾರದೆಂದು ಸುತ್ತಿ ಒಯ್ಯಲು ತಂದಿದ್ದರು.

ನಾವು ಸಾಲು ನಿಂತೆವು. ಕೈ ತೊಳೆದು ಬಂದಿದ್ದೆವು. ಒಬ್ಬೊಬ್ಬರೂ ಬಂದು ಒತ್ತಿದರು. ಶಬ್ದ ಶಬ್ದದ ನಡುವೆ ನಾನು ಒತ್ತಿದೆ. ಸಾಲು ಸಾಲಿಗೂ ಹೆಡ್‌ಮಾಸ್ತರರು ಕನ್ನಡಕ ಹಾಕಿ ಎಂಟರ್ ಒತ್ತಿದರು. ಪರದೆಯ ಮೇಲೆ ಸಾಹೇಬರಿಗೆ ಸ್ವಾಗತ ಎಂದು ಇಂಗ್ಲಿಷಿನಲ್ಲಿ ಮೂಡಿತು. ಅದರ ಕೆಳಗೆ ನಾಲ್ಕು ಎಂಬ ಅಂಕಿ.

"ಈ ನಾಕು ಏನು?" ಸಾಹೇಬರು ಕೇಳಿದರು.

"ಹದಿನಾರರ ವರ್ಗಮೂಲ ರೀ" ಅಂದೆವು.

"ನನ್ನ ಸ್ವಾಗತಕ್ಕೂ ವರ್ಗಮೂಲಕ್ಕೂ ಏನ್ ಸಂಬಂಧ?"

ಹೆಡ್‌ಮಾಸ್ತರರೇ ಕೆಮ್ಮಿ, "ಸರಸಂಬಾ ಗೌಡ್ರಿಗಿ ಬೇಕಾಗಿತ್ರಿ" ಅಂದು, ಊಟದ ತಯಾರಿ ನೋಡಿ ಬರುತ್ತೇನೆ ಎಂದು ನಮ್ಮ ಮನೆಯ ಕಡೆ ಜಾರಿಕೊಂಡರು.

ಸಾಹೇಬರು ಇನ್ನೇನು ಏಳುತ್ತಾರೆ ಅನ್ನುವಾಗ ಜೇವರ್ಗಿಯವರು ಮೆಲ್ಲಗೆ ಅಂದರು. "ಎಲ್ಲಾರೂ ಕೂಡಿ ಮಾಡ್ಯಾರ್ರಿ. ಒಬ್ಬರೇ ಮಾಡಲಿ ನೋಡೂಣು." ಸಾಹೇಬರಿಗೂ ಹೌದೆನ್ನಿಸಿತು. ಮಷೀನಿನ ಪಕ್ಕಕ್ಕೇ ನಿಂತಿದ್ದವಳು ನಾನು. ಸ್ಪೇಸ್ ಪದೇ ಪದೇ ಬೇಕಾಗುವುದರಿಂದ ನನ್ನನ್ನು ವರ್ಷವೆಲ್ಲ ಅಲ್ಲೇ ನಿಲ್ಲಿಸಿದ್ದರು. "ನೀ ಬಾ ತಂಗಿ. ಆಳಂದ ಅಂತ ಹೊಡಿ" ಅಂದರು.

ಯಾವ ಬಟನ್ ಎಲ್ಲಿದೆ ಎಂದು ನನಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ಆದರೆ ಎ ನನ್ನದಲ್ಲ. ಮಂದಿಯ ಬಟನ್ ಮುಟ್ಟುವುದು ಹೇಗೆ? ಬೆರಳು ಎತ್ತಿದವಳು ಹಾಗೇ ನಿಂತೆ. ಜೇವರ್ಗಿಯವರು ಕೌದಿಯ ಒಂದು ಮಡಿಕೆ ಬಿಚ್ಚಿದರು. ನನಗೆ ಕಾಜಾದ ಸೂಜಿಯೇ ಕಣ್ಣ ಮುಂದೆ ಬಂತು. ತಟ್ಟನೆ ಹಿಂದೆ ತಿರುಗಿ ಕಿಣ್ಣಿ ಸುಲ್ತಾನದವಳನ್ನು ಕೇಳಿದೆ.

"ಎ! ನಿಂದು ಒತ್ತಲೇನ ಬೇ?"

ಒಂದು ಗಳಿಗೆ ಅವಳು ನನ್ನನ್ನು ನೋಡಿದಳು, ಕೌದಿಯನ್ನು ನೋಡಿದಳು. ಗೌಡರಿಗೂ ಬಿಟ್ಟುಕೊಡದವಳು ಗಟ್ಟಿಯಾಗಿ ಕೂಗಿದಳು. "ಒತ್ತು ಬೇ!"

ಒತ್ತಿದೆ. "ಎಲ್! ನಿಂದು ಒತ್ತಲೇನ ಲೇ?"

"ಒತ್ತು!"

"ಮತ್ತ ಎ!"

"ಒತ್ತು, ಒತ್ತು!"

"ಎನ್!" ಅನ್ನುವಷ್ಟರಲ್ಲಿ ಇಡೀ ಕ್ಲಾಸೇ "ಒತ್ತು!" ಎಂದು ಬೆಂಚು ಬಡಿಯತೊಡಗಿತ್ತು. "ಡಿ!" "ಒತ್ತು!" ಕಿಟಕಿಯಾಚೆ ತೋಟಗಾರಿಕೆಯ ಹುಡುಗರೂ ಸೇರಿ ಕೂಗುತ್ತಿದ್ದರು. ಕ್ಯೂ ಹುಡುಗ ತಡೆಯಲಾರದೆ, "ನಂದೂ ಒಂದು ಒತ್ತ ಬೇ, ನಾ ಒಪ್ಪೀನಿ!" ಅಂದ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಆಳಂದ ಎಂದು ನಿಚ್ಚಳವಾಗಿ ನಿಂತಿತ್ತು.

ಸಾಹೇಬರು ನಗುತ್ತಾ, "ಶಾಬಾಸ್! ಈಗ ಎಂಟರ್ ಹೊಡೆಯೂಣು" ಎಂದು ತಾವೇ ಕೈ ಚಾಚಿದರು.

"ಬ್ಯಾಡ್ರೀ!" ಎಂದು ಇಡೀ ಕ್ಲಾಸು ಒಂದೇ ಉಸಿರಿಗೆ ಕಿರುಚಿತು. "ಅದು ಹೆಡ್‌ಮಾಸ್ತರದ್ರೀ!"

ಸಾಹೇಬರು ಬಿಸಿ ಹಂಚು ಮುಟ್ಟಿದವರಂತೆ ಕೈ ಹಿಂದಕ್ಕೆ ಎಳೆದುಕೊಂಡರು. ಡ್ರಿಲ್ ಮಾಸ್ತರರು ಚಾರ್ಜು ತೆಗೆದುಕೊಳ್ಳಲು ಒಂದು ಹೆಜ್ಜೆ ಮುಂದೆ ಬಂದರು. ಆದರೆ ಆವತ್ತು ಹುಣ್ಣಿಮೆ ಅಲ್ಲವೆಂದು ನೆನಪಾಗಿ ಹಿಂದೆ ಸರಿದರು. ಎಲ್ಲರೂ ಹೆಡ್‌ಮಾಸ್ತರರಿಗಾಗಿ ಕಾದೆವು.

ಅಷ್ಟರಲ್ಲಿ ಹಿಂದಿನ ಓಣಿಯಿಂದ ಕೇಳಿಸಿತು. ಟುಕುಟುಕು, ಟುಕುಟುಕು.

ಪರದೆ ಕುಗ್ಗಿತು. ಆಳಂದ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಚುಕ್ಕಿಯಾಗಿ ಹೋಯಿತು. ಜೇವರ್ಗಿಯವರು ಕೌದಿ ಪೂರ್ತಿ ಬಿಚ್ಚಿದರು. ಯಾರು ಗಿರಣಿ ಹಚ್ಚಿದ ಪಾಪಿಗಳು ಎಂದು ಗಣಿತದ ಸರ್ ಹೊರಗೆ ಓಡಲು ನೋಡಿದರೆ ಬಾಗಿಲಲ್ಲಿ ಹೆಡ್‌ಮಾಸ್ತರರೇ ನಿಂತಿದ್ದರು. ಮೊಣಕೈ ತನಕ ಹಿಟ್ಟು. ಮುಖದಲ್ಲಿ ಗೆದ್ದು ಬಂದ ಕಳೆ.

"ಸಾಹೇಬ್ರ ಊಟಕ್ಕ ಮನ್ಯಾಗ ಹಿಟ್ಟೇ ಇದ್ದಿದ್ದಿಲ್ರಿ! ಎರಡ ದಿನಾತು ಗಿರಣಿ ಬಂದ್ ಅದಂತ. ಆಳಂದಕ್ಕ ಬಂದು ಸಾಹೇಬ್ರು ರೊಟ್ಟಿ ಇಲ್ಲದ ಹೋಗಬೇಕೇನ್ರಿ? ನಾನೇ ನಿಂತು ಪಟ್ಟಾ ಹಾಕಿಸಿ ಬೀಸಿಸಿಕೊಂಡು ಬಂದೆ." ನಮ್ಮೆಲ್ಲರ ಮುಖ ನೋಡಿದರು. "ಯಾಕ, ಏನಾತು? ಸಹಿ ಬಾಕಿ ಅದೇನು?" ಅಂದವರೇ ಚಪ್ಪಲಿ ಕಳಚಿ, ಕನ್ನಡಕ ಹಾಕಿ, ಕತ್ತಲಾದ ಪರದೆಯನ್ನು ಮೇಲಿಂದ ಕೆಳಗೆ ನೋಡಿ, ಹಿಟ್ಟಿನ ಹೆಬ್ಬೆರಳಿಂದ ಗಂಭೀರವಾಗಿ ಎಂಟರ್ ಒತ್ತಿದರು.

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ನಿಲ್ಲಲಾರದೆ ಹರವಿದ್ದ ಕೌದಿಯ ಮೇಲೆಯೇ ಕೂತುಬಿಟ್ಟರು.

ಊಟಕ್ಕೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ನಾನು ಬಾಗಿಲ ಸಂದಿಯಲ್ಲಿ ಜೀವ ಹಿಡಿದು ನಿಂತಿದ್ದೆ. ಸಾಹೇಬರು ರೊಟ್ಟಿ ಮುರಿಯುತ್ತಾ ಜೇವರ್ಗಿಯವರನ್ನು ಕೇಳಿದರು.

"ಮಷೀನ್ ನಿಮಗ ಕೊಟ್ರ ಬಟನ್ ಹೆಂಗ ಹಂಚತೀರಿ?"

"ಹಂಚೂದು ಯಾಕ್ರಿ ಸಾಹೇಬ್ರ? ನಮ್ಮಲ್ಲಿ ಒಬ್ಬ ಭಾಳ ಹುಷಾರ್ ಹುಡುಗ ಅದಾನ. ಎಲ್ಲಾ ಅವನೇ ಒತ್ತತಾನ."

"ಉಳದವರು?"

"ಅವರು ನೋಡತಾರ್ರಿ."

ಸಾಹೇಬರು ಆಯಿಯ ಕಡೆ ತಿರುಗಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. "ಹಂಗಾರ ಇಲ್ಲೇ ಇರಲಿ ಬಿಡ್ರಿ" ಅಂದರು. ನಾನು ಅಲ್ಲೇ ಕುಣಿದೆ. ಒಳಗಿದ್ದ ತಾಮ್ರದ ಕೊಡ ಉರುಳಿದ್ದೂ ಗೊತ್ತಾಗಲಿಲ್ಲ. ಜೇವರ್ಗಿಯವರು ಬಂದ ದಾರಿಗೆ ಬರಿಗೈಯಲ್ಲಿ ಹೋಗಬಾರದೆಂದು ಆಯಿ ಅವರ ಕೌದಿಯಲ್ಲಿ ಹತ್ತು ರೊಟ್ಟಿ ಬೆಚ್ಚಗೆ ಸುತ್ತಿ ಕೊಟ್ಟಳು.

ಜೀಪು ಹೋದ ಮೇಲೆ ಗಣಿತದ ಸರ್ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. "ಯಾರಿಗೂ ಹೇಳಬ್ಯಾಡ. ಏನ್ ಮಾಡಬೇಕಂತ ಮಷೀನಿಗಿ ಹೇಳಲಾರದ ಬರೇ ಆಳಂದ ಅಂತ ಹೊಡದು ಎಂಟರ್ ಒತ್ತಿದ್ರ ಏನ್ ಬರತಿತ್ತು ಗೊತ್ತದೇನು? ಸಾಹೇಬ್ರ ಮುಂದ ಆಳಂದದ ಕೆಳಗ ದೊಡ್ಡದಾಗಿ 'ಮಿಸ್ಟೇಕ್' ಅಂತ ಬರತಿತ್ತು. ಗಿರಣಿ ಉಳಿಸಿತು!"

ಸಂಜೆ ಆಯಿ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದಳು. "ಕಡೀಕ ಸಾಹೇಬ್ರ ಮುಂದ ಏನ್ ಬಂತ ಬೇ?"

"ಏನೂ ಬರಲಿಲ್ಲ ಆಯಿ. ಖಾಲಿ."

ಆಯಿ ನೆಟಿಕೆ ಮುರಿದು ನನ್ನ ದೃಷ್ಟಿ ತೆಗೆದಳು. ಕಟ್ಟೆಯ ಮೇಲೆ ಕೂತ ಹೆಂಗಸರಿಗೆಲ್ಲ ಕೇಳುವಂತೆ ಹೇಳಿದಳು.

"ನಾ ಮೊದಲ ದಿನಾನೇ ಹೇಳಿದ್ನಿಲ್ಲ? ಎಲ್ಲಾರ ಬಟನ್‌ಕಿಂತ ನಮ್ಮ ಹುಡುಗೀದೇ ಛಲೋ ಅದ ಅಂತ!"